ಲಕೋಟೆಯ ಮೇಲೆ ಹುಟ್ಟಿದ ತಾರೀಖು

ನನ್ನ ಮುದ್ದು ತಾತನಿಗೆ,

ಹಾಸ್ಟೆಲ್ ರೂಮಿನಲ್ಲಿ ಕೂತು ಇದನ್ನು ಮೂರನೆಯ ಸಲ ಬರೆಯುತ್ತಿದ್ದೇನೆ. ಎರಡು ಹಾಳೆ ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಗುತ್ತೀಯ, ನಾನು ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

ಕಾಲೇಜಿಗೆ ಸೇರಿದ ತಿಂಗಳಿಂದಲೇ ನಾನು ಪಕ್ಷದ ಆಫೀಸಿಗೆ ಹೋಗುತ್ತಿದ್ದುದು ನಿನಗೆ ಗೊತ್ತು. ನಲವತ್ತು ವರ್ಷ ನೀನು ಓಟು ಹಾಕಿದ ಪಕ್ಷವೇ. ನಮ್ಮ ಪೆನ್ಸಿಲ್ವೇನಿಯಾ ರಾಜ್ಯ ಈ ಪಕ್ಷಕ್ಕೋ ಆ ಪಕ್ಷಕ್ಕೋ ಎಂದು ದೇಶವೆಲ್ಲ ನಮ್ಮನ್ನೇ ನೋಡುವಾಗ ಸುಮ್ಮನೆ ಕೂರಲಾಗದೆ ಮನೆ ಮನೆ ಬಾಗಿಲು ಬಡಿದೆ. ಆದರೆ ಅಕ್ಟೋಬರಿನ ಆ ಭಾನುವಾರ ಪಿಯರೋಗಿ ಕಡುಬು ಬಡಿಸುತ್ತಾ ನೀನೇ ಹೇಳಿದೆ: "ಈ ಸಲ ಆ ಕಡೆಯೋರಿಗೆ ಹಾಕ್ತೀನಿ ಕಣೇ. ನಮ್ಮ ಫ್ಯಾಕ್ಟರಿ ಮುಚ್ಚಿದಾಗ ನಿಮ್ಮೋರು ಒಬ್ರಾದ್ರೂ ಗೇಟಿನ ಹತ್ರ ಬಂದ್ರಾ?" "ಅವ್ರು ಬಂದಿದ್ರಾ?" ಎಂದು ನಾನು ರೇಗಿದೆ. "ಇಲ್ಲ. ಆದ್ರೆ ಅವ್ರು ನಮ್ಮೋರು ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ವಲ್ಲ!" ಎಂದು ನೀನು ನಕ್ಕೆ.

ಚುನಾವಣೆಗೆ ಮುಂಚಿನ ಶನಿವಾರ ಆಫೀಸು ನೋಡಿಕೊಳ್ಳುವ ಮಾರ್ವಾ ನನಗೊಂದು ಲಿಸ್ಟ್ ಕೊಟ್ಟರು. ಅಂಚೆಯಲ್ಲಿ ಓಟು ಕಳಿಸಿ, ಲಕೋಟೆಯ ಮೇಲೆ ತಪ್ಪು ಬರೆದ ನಮ್ಮ ಪಕ್ಷದವರ ಲಿಸ್ಟ್. ಚುನಾವಣೆಯ ದಿನ, ಮಂಗಳವಾರ ರಾತ್ರಿ ಎಂಟು ಗಂಟೆಯೊಳಗೆ ಮತಗಟ್ಟೆಗೆ ಹೋಗಿ ಮತ್ತೆ ಹಾಕಿ ಎಂದು ಅವರಿಗೆ ಫೋನ್ ಮಾಡಬೇಕು. ಇಲ್ಲದಿದ್ದರೆ ಓಟು ಕಸ. ಹನ್ನೊಂದನೆಯ ಹೆಸರು ನಿನ್ನದು. ಸಹಿಯ ಪಕ್ಕ ಆ ದಿನದ ತಾರೀಖು ಹಾಕುವ ಜಾಗದಲ್ಲಿ ನೀನು ಹುಟ್ಟಿದ ತಾರೀಖು ಬರೆದಿದ್ದೆ. ಮತದಾರರ ದಾಖಲೆಯಲ್ಲಿ ಅವರವರ ಪಕ್ಷವೂ ಇರುತ್ತದಲ್ಲ, ಅಲ್ಲಿ ನೀನಿನ್ನೂ ನಮ್ಮವನೇ. ಆ ಲಕೋಟೆಯೊಳಗೆ ಯಾರಿಗೆ ಓಟಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಹತ್ತನೆಯವರಾದ ಮೇಲೆ ಹನ್ನೆರಡನೆಯವರಿಗೆ ಫೋನ್ ಮಾಡಿದೆ.

ಭಾನುವಾರವೂ ನಿನಗೆ ಮಾಡಲಿಲ್ಲ. ಸೋಮವಾರ ಮಾರ್ವಾ ಕೇಳಿದರು: "ಈ ಕೊವಾಲಿಕ್ ಯಾಕೆ ಉಳ್ಕೊಂಡಿದ್ದಾರೆ?" ನನ್ನದು ಅಪ್ಪನ ಮನೆತನದ ಹೆಸರು, ಕೊವಾಲಿಕ್ ಎಂದರೆ ನನ್ನ ತಾತ ಎಂದು ಅವರಿಗೆ ಗೊತ್ತಾಗಲಿಲ್ಲ. "ಫೋನ್ ಎತ್ತಲ್ಲ" ಅಂದೆ. "ಎತ್ತೋ ತನಕ ಮಾಡಮ್ಮ. ಹೋದ ಸಲ ಆ ವಾರ್ಡಲ್ಲಿ ಒಂಬತ್ತೇ ಓಟಿಗೆ ಸೋತ್ವಿ." ಒಂಬತ್ತು! ಕ್ಲಾಸಿನಲ್ಲಿ ಕಾಲು ಅಲ್ಲಾಡಿಸುತ್ತಾ ಕೂತೆ.

ಮಂಗಳವಾರ ಸಂಜೆ ಐದಕ್ಕೆ ನಿನಗೆ ಮಾಡಿದೆನಲ್ಲ, ಅದು ನನ್ನ ಒಳ್ಳೆಯತನವಲ್ಲ. ಲಿಸ್ಟಿನಲ್ಲಿದ್ದ ಒಬ್ಬ ಅಜ್ಜಿ ವಾಕರ್ ಹಿಡಿದು ಹೋಗಿ ಓಟು ಹಾಕಿ, ನನಗೆ ವಾಪಸ್ ಫೋನ್ ಮಾಡಿ ಅತ್ತರು: "ನೀನು ಹೇಳ್ದೇ ಇದ್ದಿದ್ರೆ ನಾನು ಲೆಕ್ಕಕ್ಕೇ ಇರ್ತಿರ್ಲಿಲ್ಲ ಮಗಳೇ." ಆ ಫೋನಿಟ್ಟ ಕೂಡಲೇ ನಿನ್ನ ನಂಬರ್ ಒತ್ತಿದೆ.

ನೀನು ತಕ್ಷಣ ಹೊರಟು ಹೋಗಿ ಹಾಕಿ ಬಂದೆ. ಈಗ ಚರ್ಚಿನಲ್ಲೆಲ್ಲ, "ನಾನು ಅವಳ ಎದುರು ಪಾರ್ಟಿ ಅಂತ ಗೊತ್ತಿದ್ರೂ ನನ್ನ ಮೊಮ್ಮಗಳು ತಿಳಿದ ಕೂಡ್ಲೇ ಫೋನ್ ಮಾಡಿದ್ಲು" ಎಂದು ಹೇಳಿಕೊಂಡು ಓಡಾಡುತ್ತಿದ್ದೀಯಂತೆ. ಅಮ್ಮ ಹೇಳಿದಳು.

ತಿಳಿದ ಕೂಡಲೇ ಅಲ್ಲ ತಾತ. ಮೂರು ದಿನ ಮುಚ್ಚಿಟ್ಟೆ. ಅವತ್ತು ನಿನ್ನ ಕಾರು ಕೆಟ್ಟಿದ್ದರೆ ನಿನ್ನ ಓಟನ್ನು ನಾನೇ ಕದ್ದಂತಾಗುತ್ತಿತ್ತು.

ನೀನು ಆ ಕಡೆ ಹೋದದ್ದು ತಪ್ಪು ಎಂದು ಈಗಲೂ ಅನ್ನುತ್ತೇನೆ. ಆ ಜಗಳ ಬೇರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರಲೋ ಬೇಡವೋ, ಅಮ್ಮನ ಹತ್ತಿರ ಹೇಳಿ ಕಳಿಸು. ಚರ್ಚಿನವರಿಗೆ ನೀನೇನೂ ಹೇಳಬೇಡ; ಬಂದರೆ ನಾನೇ ಎದ್ದು ನಿಂತು ಹೇಳುತ್ತೇನೆ.

ನನ್ನ ಜತೆ ಇನ್ನೂ ಐದಾರು ಚುನಾವಣೆ ಜಗಳವಾಡುವಷ್ಟು ಆಯಸ್ಸು ನಿನಗಿರಲಿ.

ನಿನ್ನ,
ಟೆಸ್ಸಾ