ಸೋಫಾದ ಮೇಲಿನ ಎಣ್ಣೆ ಕಲೆ

ಹೊರಮಾವು
೧೬ ಫೆಬ್ರವರಿ ೨೦೨೫, ಭಾನುವಾರ

ಮುದ್ದಿನ ಸೊಸೆ ನಂದಿತಾಳಿಗೆ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮ? ಸೊಂಟನೋವು ಇಳಿಯಿತೆ? ಕೆ.ಆರ್. ಪುರದ ಗದ್ದಲದಲ್ಲಿ ಮಗು ನಿದ್ದೆ ಮಾಡುತ್ತದೆಯೆ? ಬಾಣಂತನ ಮುಗಿದು ಐದು ತಿಂಗಳು ತುಂಬಿತು, ಕರೆದುಕೊಂಡು ಹೋಗಲು ಇನ್ನೂ ಯಾಕೆ ಬಂದಿಲ್ಲ ಎಂದು ನಿಮ್ಮಪ್ಪ ಸಂಜೀವಪ್ಪನವರು ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ನನಗೆ ಕೈಬಿಡುವಿರಲಿಲ್ಲ. ಮದುವೆಗೆ ಅವರು ಕೊಟ್ಟ ಲೆದರ್ ಸೋಫಾ ಇದೆಯಲ್ಲ, ವಾರವೆಲ್ಲ ಅದರ ಆರೈಕೆಯೇ ಆಯಿತು.

ಇಂದಿರಾನಗರದ ಮನೆಮನೆಯ ಸೋಫಾ ಒರೆಸಿ ಈ ಮನೆ ಕಟ್ಟಿದವಳು ನಾನು. ಆದರೂ ನಮ್ಮದೇ ಹಾಲಿನ ಸೋಫಾ ಮುಟ್ಟಲು ನೀನು ಬಿಟ್ಟಿರಲಿಲ್ಲ. ನಿನ್ನ ಆಫೀಸಿನ ಗೆಳತಿಯರು ಬಂದ ದಿನ ನಾನು ಕೂರಲು ಹೋದರೆ, "ಅತ್ತೆ, ತಲೆಗೆ ಎಣ್ಣೆ ಹಾಕಿದ್ದೀರ, ಕಲೆ ಆಗುತ್ತೆ, ಇಲ್ಲಿ ಕೂತ್ಕೊಳಿ" ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದೆ. ಅವರು ನಕ್ಕರು, ನಾನೂ ನಕ್ಕೆ. ನಿನ್ನ ಮಾತು ಸುಳ್ಳಲ್ಲ, ಎಣ್ಣೆ ಚರ್ಮಕ್ಕೆ ಶತ್ರುವೇ. ಅದಕ್ಕೇ ಹೊಲಿಗೆಯ ಸಂದಿಯ ದೂಳನ್ನೆಲ್ಲ ಬ್ರಷ್‌ನಲ್ಲಿ ತೆಗೆದು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲೇ ಆರಿಸಿ, ಕ್ರೀಮ್ ತಿಕ್ಕಿದೆ. ಕನ್ನಡಿಯಂತಾಯಿತು. ತಲೆ ಒರಗುವ ಜಾಗದಲ್ಲಿ ಒಂದು ಎಣ್ಣೆ ಕಲೆ ಮಾತ್ರ ಕಾರ್ನ್‌ಫ್ಲೋರ್ ಉದುರಿಸಿಟ್ಟರೂ ಬಿಡಲಿಲ್ಲ. ನನ್ನದೇ ಇರಬಹುದು ಎಂದು ಕೂತು ನೋಡಿದೆ. ನನ್ನ ತಲೆ ಅಷ್ಟೆತ್ತರಕ್ಕೆ ಬರುವುದೇ ಇಲ್ಲ. ಬಂದಾಗಲೆಲ್ಲ ಉಂಡು ಅಲ್ಲೇ ಒರಗಿ ಗೊರಕೆ ಹೊಡೆಯುತ್ತಿದ್ದವರು ನಿಮ್ಮಪ್ಪ. ಅವರಿಗೆ ನೀನು ಕುರ್ಚಿ ಎಳೆದದ್ದು ನಾನು ಕಾಣೆ.

ಪ್ರೇಮ್‌ಕುಮಾರನಿಗೆ ಆ ಕಲೆ ತೋರಿಸಿ ನನ್ನ ಮನಸ್ಸಿನಲ್ಲಿದ್ದದ್ದನ್ನೂ ಹೇಳಿದೆ. "ನೀನ್ ಹೆಂಗ್ ಹೇಳಿದ್ರೆ ಹಂಗೆ ಅಮ್ಮ" ಅಂದ, ಟಿವಿಯಿಂದ ಕಣ್ಣು ಕೀಳದೆ. ನಿನ್ನ ಗಂಡ ಚಿಕ್ಕಂದಿನಿಂದಲೂ ಹಾಗೆ, ಎಲ್ಲದಕ್ಕೂ ಹೊಂದಿಕೊಳ್ಳುತ್ತಾನೆ.

ಬೀಗರಿಗೂ ಬೀಗಿತ್ತಿಗೂ ನನ್ನ ನಮಸ್ಕಾರ. ಮಗುವಿಗೊಂದು ಮುತ್ತು. ಇದ್ದಲ್ಲೇ ನೂರು ಕಾಲ ಚೆನ್ನಾಗಿರು.

ನಿನ್ನ ಅತ್ತೆ
ಮುನಿವೆಂಕಟಮ್ಮ

ಮರೆತಿದ್ದೆ: ಈ ಕಾಗದ ತಂದ ಮುತ್ತುರಾಜ್ ನಮ್ಮ ಟೆಂಪೋದವನು, ಗೇಟಿನ ಹತ್ತಿರ ಕಾಯುತ್ತಿರುತ್ತಾನೆ. ಸೋಫಾ ಇಳಿಸಿಕೊಳ್ಳಿ. ನಿನ್ನ ಬಟ್ಟೆಬರೆ, ತೊಟ್ಟಿಲು ಅದರ ಹಿಂದೆಯೇ ಇವೆ. ಇಲ್ಲಿಂದ ನಿನ್ನನ್ನು ಕರೆಯಲು ಇನ್ನು ಯಾರೂ ಬರುವುದಿಲ್ಲ. ಸೋಫಾ ಬಿಸಿಲಿಗೆ ಹಾಕಬೇಡ, ಬಿರಿಯುತ್ತದೆ. ಮಗು ಹಾಲು ಕಕ್ಕಿದರೆ ಕೂಡಲೇ ಒರೆಸು. ಅದಕ್ಕೆಂದೇ ನನ್ನದೊಂದು ಹಳೆಯ ಸೀರೆ ಹರಿದು ಮಡಿಸಿ ಇಟ್ಟಿದ್ದೇನೆ, ಮೆತ್ತಗಿದೆ. ಮೊಮ್ಮಗಳಿಗೆ ಅಜ್ಜಿಯ ಉಡುಗೊರೆ ಎಂದುಕೊ.