ಹನ್ನೊಂದನೇ ಸಾಲು

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಮೊನ್ನೆ ಬಂತು. ನಿಮ್ಮ ಕೈ ಕಸರತ್ತಿನ ಕೋಣೆಯನ್ನು ಆಸ್ಪತ್ರೆಯವರು ಮುಚ್ಚುತ್ತಾರಂತೆ, ಅದರಿಂದ ಲಾಭವಿಲ್ಲ ಎಂದು ಯಾವ ಪುಣ್ಯಾತ್ಮ ಬರೆದುಕೊಟ್ಟನೋ ಆಸ್ಪತ್ರೆಗಳ ಅಂಕಿಅಂಶ ನೋಡುವ ನಿಮ್ಮ ಆಫೀಸಿನಲ್ಲಿ ವಿಚಾರಿಸು ಎಂದಿದ್ದೀಯ. ವಿಚಾರಿಸುವುದೇನಿದೆ ಅಮ್ಮ, ಆ ಪುಣ್ಯಾತ್ಮಳು ನಾನೇ.

ಬೈಯುವ ಮೊದಲು ಪೂರ್ತಿ ಓದು. ಲಕ್ವ ಹೊಡೆದ ನೀವು ಇಪ್ಪತ್ನಾಲ್ಕು ಜನ ಅಂಗಿಯ ಐದು ಗುಂಡಿ ಹಾಕಿಕೊಳ್ಳಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತೀರಿ ಎಂದು ನಿಮ್ಮ ಗುಂಡಿ ಟೀಚರ್ ಮೊದಲ ದಿನ ಅಳೆದರಲ್ಲ, ಮೂರು ತಿಂಗಳಾದ ಮೇಲೆ ಮತ್ತೆ ಅಳೆದರಲ್ಲ, ಆ ಅಂಕಿಗಳು ಬಂದದ್ದು ನನ್ನ ಮೇಜಿಗೆ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರ ಎರಡು ಅಂಕಿ, ಮೊದಲಿನದು ಮತ್ತು ಆಮೇಲಿನದು. ನಾನು ಅಚ್ಚುಕಟ್ಟಾಗಿರಲಿ ಎಂದು ಎರಡೂ ಕಾಲಮ್ಮುಗಳನ್ನು ಬೇರೆ ಬೇರೆಯಾಗಿ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಹಾಗೇ ಉಳಿಸಿಬಿಟ್ಟೆ. ಯಾರ ಅಂಕಿ ಯಾರ ಪಕ್ಕ ಕೂತಿತೋ ದೇವರಿಗೇ ಗೊತ್ತು. ಆಮೇಲೆ, ಮೊದಲಿನವರೇ ಒಂದು ಗುಂಪು, ಆಮೇಲಿನವರೇ ಇನ್ನೊಂದು ಗುಂಪು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ ಎಂಬಂತೆ ಲೆಕ್ಕ ಹಾಕಿದೆ.

ನಿಮ್ಮಲ್ಲಿ ಒಬ್ಬರಿಗೆ ಇಪ್ಪತ್ತು ಸೆಕೆಂಡು ಸಾಕು, ಇನ್ನೊಬ್ಬರಿಗೆ ಎಂಬತ್ತೂ ಸಾಲದು. ಆ ಏರುಪೇರಿನ ಗದ್ದಲದಲ್ಲಿ ಸರಾಸರಿ ನಾಲ್ಕು ಸೆಕೆಂಡಿನ ಸುಧಾರಣೆ ಮುಳುಗಿಹೋಯಿತು. ನಿಜವಾದ ಲಾಭ ಇಷ್ಟರಿಂದ ಇಷ್ಟರೊಳಗೆ ಇರಬಹುದು ಎಂದು ನಾವು ಎರಡು ತುದಿ ಕೊಡುತ್ತೇವೆ, ಅದಕ್ಕೆ ವಿಶ್ವಾಸಾಂತರ ಎನ್ನುತ್ತಾರೆ. ನನಗೆ ಬಂದ ಒಂದು ತುದಿ ಹದಿನಾಲ್ಕು ಸೆಕೆಂಡು ಬೇಗ, ಇನ್ನೊಂದು ತುದಿ ಆರು ಸೆಕೆಂಡು ತಡ. ನಮ್ಮ ಸಾಹೇಬರು ಕನ್ನಡಕ ಏರಿಸಿ, ಸೊನ್ನೆ ಒಳಗೇ ಕೂತಿದೆಯಲ್ಲಮ್ಮ, ಅಂದರೆ ಲಾಭವೇ ಇಲ್ಲದಿರಬಹುದು, ಇನ್ನು ಆ ಕೋಣೆ ಯಾಕೆ ಬೇಕು ಅಂದರು. ನಾನು ವರದಿಗೆ ಸಹಿ ಹಾಕಿ ಕೊಟ್ಟುಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಿನ್ನೆ ಗುಂಡಿ ಟೀಚರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಮೂಲ ಚೀಟಿಗಳು ಅವರ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮುಚ್ಚೋ ಕೋಣೆಗೆ ಇನ್ನೇನ್ರೀ ಲೆಕ್ಕ ಎಂದು ಗದರುತ್ತಲೇ ಒಂದೊಂದಾಗಿ ಓದಿ ಹೇಳಿದರು. ಈ ಸಲ ಪ್ರತಿಯೊಬ್ಬರ ಆಮೇಲಿನ ಅಂಕಿಯನ್ನು ಅವರದೇ ಮೊದಲಿನ ಅಂಕಿಯ ಜೊತೆ ಹೋಲಿಸಿ, ಬರೀ ವ್ಯತ್ಯಾಸಗಳನ್ನು ಹಿಡಿದು ಲೆಕ್ಕ ಹಾಕಿದೆ. ಸರಾಸರಿ ಅದೇ ನಾಲ್ಕು. ತುದಿಗಳು ಮಾತ್ರ ಎರಡೂವರೆ ಮತ್ತು ಐದೂವರೆ ಸೆಕೆಂಡು, ಎರಡೂ ಬೇಗದ ಕಡೆಗೇ. ಸೊನ್ನೆ ಹತ್ತಿರಕ್ಕೂ ಸುಳಿಯಲಿಲ್ಲ. ಕೋಣೆಯಿಂದ ಲಾಭ ಇದೆ ಅಮ್ಮ!

ನಾಳೆ ಹತ್ತು ಗಂಟೆಗೆ ಸಭೆ. ಹೊಸ ಲೆಕ್ಕ ಒಪ್ಪಿಸಬೇಕು, ಹಳೆಯದು ಯಾರ ಕೈಯಲ್ಲಿ ಕೆಟ್ಟಿತು ಎಂದೂ ಹೇಳಬೇಕು. ಇಪ್ಪತ್ನಾಲ್ಕು ಸಾಲನ್ನೂ ಪರದೆಯ ಮೇಲೆ ತೋರಿಸಬೇಕು. ಕೆಲಸ ಹೋದರೆ ಏನು ಗತಿ? ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದೆ. ನೀನು ಇಲ್ಲಿದ್ದಿದ್ದರೆ, ಹೋಗಿ ಹೇಳಿ ಬಾರೇ ಗಡಿಬಿಡಿ, ನಿನ್ನನ್ನೇನು ನುಂಗಿಬಿಡ್ತಾರಾ ಅನ್ನುತ್ತಿದ್ದೆ.

ಕೈ ಈಗ ಎಷ್ಟೋ ವಾಸಿ, ಗುಂಡಿ ಪಟಪಟ ಹಾಕಿಕೊಳ್ಳುತ್ತೀನಿ ಎಂದು ಬರೆದಿದ್ದೀಯ. ಸಂತೋಷ. ಅಕ್ಷರಗಳೂ ಎಷ್ಟು ದುಂಡಗಿವೆ. ಹನ್ನೊಂದನೇ ನಂಬರು ಸಿಕ್ಕಿತು, ಕಿಟಕಿ ಪಕ್ಕದ ಕುರ್ಚಿ ಎಂದು ನೀನು ಮೊದಲ ವಾರ ಹಿಗ್ಗಿದ್ದು ಇನ್ನೂ ನೆನಪಿದೆ.

ನಿನ್ನ
ಗಡಿಬಿಡಿ

ತಾ.ಕ.: ಅಚ್ಚುಕಟ್ಟಿಗಾಗಿ ಅಂದದ್ದು ಸುಳ್ಳು. ಹನ್ನೊಂದನೇ ಸಾಲಿನಲ್ಲಿ ಮೊದಲು ಮೂವತ್ತೊಂದು, ಆಮೇಲೆ ಮೂವತ್ತಾರು ಇತ್ತು. ಮಿಕ್ಕವರೆಲ್ಲ ಅಷ್ಟೋ ಇಷ್ಟೋ ಸುಧಾರಿಸಿದ್ದಾರೆ, ನೀನೊಬ್ಬಳೇ ಹಿಂದೆ ಹೋಗಿದ್ದೀಯ. ಆ ಎರಡು ಅಂಕಿ ಪಕ್ಕಪಕ್ಕ ಇರುವುದನ್ನು ನೋಡಲಾಗದೆ ಎಲ್ಲರದ್ದನ್ನೂ ಕಲಸಿಬಿಟ್ಟೆ. ನಾಳೆ ಅದೂ ಪರದೆಯ ಮೇಲೆ ಬರುತ್ತದೆ. ನಿನ್ನ ಕಾಗದದಲ್ಲಿರುವುದು ಪಕ್ಕದ ಮನೆ ಅತ್ತೆಯ ಅಕ್ಷರ ಎಂದು ಮೊದಲ ಸಾಲಿಗೇ ಗೊತ್ತಾಯಿತು. ಮುಂದಿನದನ್ನು ನೀನೇ ಬರಿ ಅಮ್ಮ, ಸೊಟ್ಟಗಾದರೂ ಸರಿ.