ಎಣಿಸೋ ಪಟ್ಟಿ ಮೇಲಿನ ಕಾರು

ಮಾರ್ಚ್ 4
ಬೆಳಿಗ್ಗೆಯಿಂದ ಬರೀ ಪಂಕ್ಚರ್. ಚಿಕ್ಕಪ್ಪನ ಸೈಕಲ್ ಅಂಗಡಿ ಮುಂದೆಯೇ ಹೊಸ ಸೈಕಲ್ ಲೇನ್. ನೆಲದಲ್ಲಿ ಸೈಕಲ್ ಎಣಿಸೋ ಪಟ್ಟಿ, ಪಕ್ಕದಲ್ಲಿ ಸ್ಮಾರ್ಟ್ ಕಂಬ. ಸೈಕಲ್ ದಾಟಿದರೆ ಕಂಬದ ಬೋರ್ಡಿನಲ್ಲಿ ನಂಬರ್ ಏರುತ್ತೆ, ಎಷ್ಟು ಕಾರ್ಬನ್ ಉಳಿಯಿತು ಅಂತಲೂ ಬರುತ್ತೆ. ಏರಬೇಕಲ್ಲ. ಸೋಫಾ ಅಂಗಡಿ ಸಾಹುಕಾರನ ಕಾರು ದಿನವಿಡೀ ಪಟ್ಟಿ ಮೇಲೇ. ಸೈಕಲ್‌ನವರು ಅದನ್ನು ಸುತ್ತಿ ಲಾರಿಗಳ ಮಧ್ಯೆ ನುಗ್ಗಬೇಕು.
ಸ್ಮಾರ್ಟ್ ಸಿಟಿ ಇಂಜಿನಿಯರ್ ಬಂದಿದ್ದ. "ಇಲ್ಲಿ ಯಾರೂ ಸೈಕಲ್ ತುಳೀತಿಲ್ಲಮ್ಮ. ತಿಂಗಳ ಕೊನೇವರೆಗೂ ಹೀಗೇ ಇದ್ರೆ ಲೇನ್ ತೆಗೆದು ಪಾರ್ಕಿಂಗ್ ಮಾಡ್ತಾರೆ."
"ಕಾರು ಕಾಣಲ್ವಾ ಸಾರ್?"
"ಅದು ಪೊಲೀಸ್ನೋರ ಕೆಲಸ."
ಪೊಲೀಸರನ್ನು ಕೇಳಿದರೆ ಅದು ಸ್ಮಾರ್ಟ್ ಸಿಟಿಯವರ ಕೆಲಸವಂತೆ. ಥೂ.

ಮಾರ್ಚ್ 9, ಮಧ್ಯಾಹ್ನ
ಸಾಹುಕಾರ ಊಟಕ್ಕೆ ಹೋದ, ಕಾರೂ ಹೋಯ್ತು. ಸೈಕಲ್ ತಗೊಂಡು ಪಟ್ಟಿ ಮೇಲೆ ಸುತ್ತಿದೆ, ಸುತ್ತಿದೆ... ತಲೆ ತಿರುಗೋವರೆಗೂ. ಬೋರ್ಡು ಕುಣೀತಿತ್ತು.
ಚಿಕ್ಕಪ್ಪ ಕೂಗಿದರು — "ಗಾಣದೆತ್ತಾ ನೀನು? ಗಿರಾಕಿ ಸೈಕಲ್ಲಿಗೆ ಬ್ರೇಕ್ ಏನು ನಿಮ್ಮಜ್ಜ ಹಾಕ್ತಾನಾ?"
"ನಮ್ಮಜ್ಜ ಅಂದ್ರೆ ನಿಮ್ಮಪ್ಪಾನೇ."

ಮಾರ್ಚ್ 11
ಸಿಕ್ಕಿಬಿದ್ದೆ. ಕಂಬದಲ್ಲಿ ಕ್ಯಾಮೆರಾ ಇದೆಯಂತೆ. ಸುಳ್ಳು ಲೆಕ್ಕ ಅಂತ ಆ ದಿನದ್ದೆಲ್ಲ ಅಳಿಸಿದರು. ಕಾರು ಬರೋ ಮುಂಚೆ ದಾಟಿದ್ದ ಪೇಪರ್‌ನವನು, ಆಸ್ಪತ್ರೆ ಆಯಾ, ಎಲ್ಲರ ಲೆಕ್ಕವೂ ಹೋಯ್ತು. ನನ್ನಿಂದ.
ಇಂಜಿನಿಯರ್‌ಗೆ ಫೋನಲ್ಲೇ ಕೇಳಿದೆ. "ನಾನು ಕಾಣಿಸ್ತೀನಿ, ಅಷ್ಟು ದೊಡ್ಡ ಕಾರು ಕಾಣಿಸಲ್ವಾ?"
"ಆ ಕ್ಯಾಮೆರಾಗೆ ಸೈಕಲ್ ಮಾತ್ರ ನೋಡೋಕೆ ಹೇಳಿರೋದು."
ಎಂಥ ಸ್ಮಾರ್ಟು.

ಮಾರ್ಚ್ 28
ಅಕ್ಕ ಮಗಳು ಪುಟ್ಟಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಹೊರಟಿದ್ದಳು. ಆ ಕಾರನ್ನು ಸುತ್ತಿ ಬರುವಾಗ ಬಸ್ಸು ಉಜ್ಜಿಕೊಂಡು ಹೋಯ್ತು. ಬಿದ್ದರು. ಅಕ್ಕನ ಮೊಣಕೈ ತರಚಿದೆ. ಪುಟ್ಟಿಯ ಶೂ ಬಸ್ಸಿನಡಿ. ಬರೀ ಶೂ...
ಭಾವ ಅಂದರು, "ನಾಳೆಯಿಂದ ಬೈಕಲ್ಲಿ ನಾನೇ ಬಿಡ್ತೀನಿ."
"ನನ್ನ ಸೈಕಲ್ ಸುದ್ದಿಗೆ ಬರಬೇಡಿ" ಅಂದಳು ಅಕ್ಕ.

ಮಾರ್ಚ್ 30, ಬೆಳಿಗ್ಗೆ
ನಾಳೆ ಲೆಕ್ಕದ ಕೊನೇ ದಿನ. ಕಾರು ಲೇನಿನೊಳಗೆ ನುಗ್ಗೋ ಜಾಗದಲ್ಲೇ ಸ್ಟೂಲ್ ಹಾಕಿ ಕೂತಿದೀನಿ. ಮುಂದೆ ಟಯರು, ನೀರಿನ ಬೇಸಿನ್. ಸೈಕಲ್ ಹೋಗೋಷ್ಟು ದಾರಿ ಬಿಟ್ಟಿದೀನಿ. ಪೇಪರ್‌ನವನು ದಾಟಿದ. ನಂಬರ್ ಏರಿತು. ಅಕ್ಕ, ಹಿಂದೆ ಪುಟ್ಟಿ, ಕಾಲಲ್ಲಿ ಚಪ್ಪಲಿ. ಏರಿತು.
ಸಾಹುಕಾರ ಬಂದ. ಹಾರ್ನ್.
"ಏಯ್, ಎದ್ದೇಳೇ."
"ಪಂಕ್ಚರ್ ಹಾಕ್ತಿದೀನಿ ಅಂಕಲ್. ಅಂಟು ಒಣಗಲಿ."
"ಎಷ್ಟೊತ್ತಿಗೆ ಒಣಗುತ್ತೆ?"
"ಸಂಜೆ ಆಗ್ಬಹುದು."
ಚಿಕ್ಕಪ್ಪ ಇನ್ನೊಂದು ಸ್ಟೂಲ್ ತಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಟ್ಯೂಬು. ಅದರಲ್ಲಿ ತೂತೇ ಇಲ್ಲ.
ಕಾರಿನ ಬಾಗಿಲು ತೆಗೀತು. ಇಳಿದು ಬರ್ತಿದಾನೆ. ಬರಲಿ. ಅಂಟು ಇನ್ನೂ ಒಣಗಿಲ್ಲ.